ತಕ್ಕಡಿ ಮೇಸ್ತ್ರಿಯ ಏಳನೆಯ ತಟ್ಟೆ

ಕನ್ನಡಕದಂಗಡಿಯವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಬೀದಿಯ ಜನ ಮಾತ್ರ ಅವನನ್ನು ಗೋಲಿಯಪ್ಪ ಎಂದೇ ಕರೆಯುತ್ತಿದ್ದರು. ಗಾಜಿನ ಗೋಲಿ ಉರುಳುವ ಹಳೇ ಆಟಿಕೆ ಎಲ್ಲೋ ಇದೆ ಎಂದು ಕಿವಿಗೆ ಬಿದ್ದರೆ ಸಾಕು, ಗಿರಾಕಿಯ ಮೂಗಿನ ಮೇಲೆ ಕನ್ನಡಕ ಇಟ್ಟಲ್ಲೇ ಬಿಟ್ಟು ಹೊರಟುಬಿಡುವ ಆಸಾಮಿ. ಮೊಟ್ಟೆಯ ಬದಲು ಗೋಲಿ ಇಡುವ ತಗಡಿನ ಕೋಳಿ, ಮೊಳೆಗಳ ನಡುವೆ ಗೋಲಿ ನುಸುಳುವ ಹಲಗೆ, ಗೋಲಿ ನುಂಗಿ ಬಾಲ ಅಲ್ಲಾಡಿಸುವ ಮರದ ಮೊಸಳೆ, ಹೀಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ನಾನೂ ಸ್ವಲ್ಪ ದುಂಡಗಾದ್ರೆ ನಂಗೂ ಒಂದು ಭರಣಿ ಸಿಗುತ್ತೇನೋ" ಎಂದು ಹೆಂಡತಿ ಆಗಾಗ ಚುಚ್ಚುತ್ತಿದ್ದಳು.

ಅವಳು ಹೇಳಿದ ಭರಣಿಗಳು ಕಿಟಕಿಯ ಹತ್ತಿರದ ಹಲಗೆಯ ಮೇಲಿದ್ದವು. ಯಾವ ಆಟಿಕೆ ಬಂದರೂ ಗೋಲಿಯಪ್ಪ ಮೊದಲು ಅದರ ಗೋಲಿಗಳನ್ನು ತೆಗೆದು, ಸೋಪಿನ ನೀರಲ್ಲಿ ತೊಳೆದು, ಒರೆಸಿ, ಬಣ್ಣಕ್ಕೆ ತಕ್ಕ ಭರಣಿಗೆ ಹಾಕುತ್ತಿದ್ದ. ಹಸಿರಿಗೊಂದು, ಜೇನಿನ ಬಣ್ಣಕ್ಕೊಂದು, ಒಳಗೆ ನೀಲಿ ಎಳೆ ಸುತ್ತಿಕೊಂಡವಕ್ಕೊಂದು, ಒಟ್ಟು ಹದಿನಾಲ್ಕು ಭರಣಿ. ಬೆಳಗಿನ ಬಿಸಿಲು ಅವುಗಳ ಮೂಲಕ ಹಾದು ಗೋಡೆಗೆ ಬಿದ್ದಾಗ ದೇವರಿದ್ದರೂ ಇರಬಹುದು ಎಂದು ಅವನಿಗೆ ಅನ್ನಿಸುತ್ತಿತ್ತು. ಈ ಒಪ್ಪ ಓರಣವೇ ಒಂದು ದಿನ ತನ್ನ ಕುತ್ತಿಗೆಗೆ ಬರುತ್ತದೆ ಎಂದು ಅವನು ಕನಸಲ್ಲೂ ಎಣಿಸಿರಲಿಲ್ಲ.

ಒಂದು ಸೋಮವಾರ ಟೈಲರಮ್ಮ ಬಂದರು. ಎಪ್ಪತ್ತು ದಾಟಿದ ಹೆಂಗಸು. ಮೂರು ವರ್ಷದ ಹಿಂದೆ ಒಂದೇ ಕೋಣೆಯ ಮನೆಗೆ ಹೋಗುವಾಗ, ಇಡಲು ಜಾಗವಿಲ್ಲವೆಂದು, ತಮ್ಮ ತಂದೆ ಕೈಯಾರೆ ಮಾಡಿದ ಗೋಲಿ ಗೋಪುರವನ್ನು ಅವನಿಗೆ ಮಾರಿದ್ದರು. ತಂದೆ ತಕ್ಕಡಿ ರಿಪೇರಿ ಮೇಸ್ತ್ರಿ. "ಆಡಿಸೋದು ಹೇಗೆ ಅಂತ ತೋರಿಸ್ಲಾ?" ಎಂದು ಅವರು ಅಂದೇ ಕೇಳಿದ್ದರು. "ನಂಗೆ ಗೋಲಿ ಆಟ ಹೇಳಿಕೊಡ್ತೀರಾ ಅಮ್ಮಾ?" ಎಂದು ಈ ಜಂಬದ ಕೋಳಿ ನಕ್ಕು ಕಳಿಸಿತ್ತು.

"ಕಣ್ಣಿಗೆ ನೀನು ಗಾಜು ಹಾಕ್ಕೊಡ್ತೀಯ," ಎಂದರು ಟೈಲರಮ್ಮ. "ಕಿವಿಗೆ ಯಾರು ಏನು ಹಾಕ್ತಾರಪ್ಪಾ? ಇನ್ನೆರಡು ಮೂರು ತಿಂಗಳಲ್ಲಿ ಪೂರ್ತಿ ಹೋಗುತ್ತಂತೆ, ಡಾಕ್ಟ್ರು ಹೇಳಿದ್ರು. ಅಪ್ಪ ಕೆಲಸದಿಂದ ಬರೋವಾಗ ಬೀದಿ ತುದೀಲಿ ಒಂದು ಸಿಳ್ಳೆ ಹಾಕ್ತಿದ್ದ. ಆ ಗೋಪುರ ಅದೇ ಸಿಳ್ಳೇನ ನುಡಿಸುತ್ತೆ. ಕಿವಿ ಹೋಗೋಕೆ ಮುಂಚೆ ಒಂದ್ಸಲ ಕೇಳ್ಬೇಕು. ಅದರ ಗೋಲಿ ಎಲ್ಲಾ ಇವೆ ತಾನೆ?"

"ಇವೆ, ಇವೆ. ಭಾನುವಾರ ಬನ್ನಿ" ಎಂದ ಗೋಲಿಯಪ್ಪ. ಅವರು ಬೀದಿಗೆ ಇಳಿದ ಮೇಲೆ ಅವನು ಭರಣಿಗಳ ಕಡೆ ತಿರುಗಿದ. ಗೋಲಿಗಳು ಇದ್ದವು, ನಿಜ. ಹದಿನಾಲ್ಕು ಭರಣಿಯಲ್ಲಿ, ನಾಲ್ಕು ಸಾವಿರ ಗೋಲಿಗಳ ನಡುವೆ ಎಲ್ಲೋ ಇದ್ದವು.

ಒಳಗೆ ಹೋಗಿ ಗೋಪುರವನ್ನು ಮೇಜಿನ ಮೇಲಿಟ್ಟ. ಮೊಳಕೈ ಎತ್ತರದ ಮರದ ಚೌಕಟ್ಟು. ಮೇಲಿನಿಂದ ಕೆಳಗೆ ಸುತ್ತಿ ಇಳಿಯುವ ದಾರಿ. ದಾರಿಯುದ್ದಕ್ಕೂ ಉಗುರಿನಷ್ಟಗಲದ ಏಳು ಹಿತ್ತಾಳೆ ತಟ್ಟೆ, ಒಂದೊಂದರ ಕೆಳಗೂ ಒಂದು ಲೋಹದ ಪಟ್ಟಿ. ಕೈಗೆ ಸಿಕ್ಕಿದ ಗೋಲಿಗಳನ್ನು ಬಿಟ್ಟ. ಒಂದೂ ಉಸಿರೆತ್ತಲಿಲ್ಲ, ಎಲ್ಲವೂ ಗಡಗಡ ಉರುಳಿ ಅಡಿಯ ಡ್ರಾಯರಿಗೆ ಬಿದ್ದವು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಎಲ್ಲ ಕೇಳಿಸಿಕೊಂಡ ಮೇಲೆ ಹೇಳಿದಳು. "ಮಾಡಿದ್ದುಣ್ಣೋ ಮಹರಾಯ. ಅಲ್ರೀ, ತಕ್ಕಡಿಯವನು ಮಾಡಿದ ಆಟಿಕೆಗೆ ಬಣ್ಣ ಕಟ್ಕೊಂಡು ಏನಾಗಬೇಕು? ಅದು ತೂಕ ನೋಡುತ್ತೆ. ನಿನ್ನ ಗೋಲಿ ಯಾವುದು ಅಂತ ಅದನ್ನೇ ಕೇಳಿ."

ಮೂವತ್ತು ವರ್ಷ ಬೇರೆಯವರ ದೃಷ್ಟಿ ಸರಿಮಾಡಿದವನಿಗೆ ಅದು ಕಂಡಿರಲಿಲ್ಲ. ಗೋಲಿಯಪ್ಪ ಮೂಗಿನ ಮೇಲೆ ಭೂತಗನ್ನಡಿ ಏರಿಸಿ ಬಗ್ಗಿದ. ತಟ್ಟೆಗಳೆಲ್ಲ ಕೂದಲಿನಷ್ಟು ಸಣ್ಣ ತಂತಿಯ ಮೇಲೆ ತೂಗುತ್ತಿದ್ದವು. ಗೋಲಿ ಒಂದಿಷ್ಟು ಹಗುರವಾದರೆ ತಟ್ಟೆ ಬಗ್ಗದು, ಗೋಲಿ ಮುಂದೆ ಹೋಗುತ್ತದೆ. ಒಂದಿಷ್ಟು ಭಾರವಾದರೆ ತಟ್ಟೆ ಪೂರ್ತಿ ಮಗುಚಿ ಅದನ್ನು ಡ್ರಾಯರಿಗೆ ಎಸೆಯುತ್ತದೆ. ತೂಕ ಸರಿಯಾಗಿ ಕೂತರೆ ಮಾತ್ರ ಗೋಲಿ ಪಟ್ಟಿಗೆ ತಾಗಿ, ಪಕ್ಕದ ಗೂಡಿನಲ್ಲಿ ನಿಲ್ಲುತ್ತದೆ. ಮೊದಲ ತಟ್ಟೆಗೆ ಎಲ್ಲಕ್ಕಿಂತ ಭಾರದ ಗೋಲಿ, ಆಮೇಲೆ ಇಳಿಯುತ್ತಾ ಹೋಗುವ ತೂಕ.

ಮಂಗಳವಾರದಿಂದ ಗಂಡ ಹೆಂಡತಿ ಇಬ್ಬರೂ ಕೂತರು. ಅವನು ಮೇಲಿನಿಂದ ಒಂದೊಂದೇ ಗೋಲಿ ಬಿಡುವುದು, ಅವಳು ಡ್ರಾಯರು ಖಾಲಿ ಮಾಡುವುದು. ಅಂಗಡಿಯ ಬಾಗಿಲಿಗೆ "ಸ್ವಲ್ಪ ಹೊತ್ತಲ್ಲಿ ಬರುತ್ತೇನೆ" ಎಂಬ ಚೀಟಿ ಐದು ದಿನ ನೇತಾಡಿತು. ಹಸಿರು ಭರಣಿ ಮುಗಿಯಿತು, ಜೇನು ಬಣ್ಣ ಮುಗಿಯಿತು, ಏನೂ ಇಲ್ಲ. ಬುಧವಾರ ಮಧ್ಯಾಹ್ನ, ಅವನು ಯಾವತ್ತೂ ಕಣ್ಣೆತ್ತಿ ನೋಡದ, ಬಣ್ಣವೇ ಇಲ್ಲದ ಮಂಕು ಗೋಲಿಯೊಂದು ಎರಡು ತಟ್ಟೆಗಳನ್ನು ದಾಟಿ ಮೂರನೆಯದರ ಮೇಲೆ ನಿಂತಿತು. ತಟ್ಟೆ ತಲೆಬಾಗಿತು. ಟಿಣ್!

ಇಬ್ಬರೂ ಬಿಟ್ಟ ಕಣ್ಣು ಬಿಟ್ಟಂತೆ ಕೂತರು. ತೀರಿಹೋಗಿ ಎಷ್ಟೋ ವರ್ಷವಾದ ಒಬ್ಬ ಮನುಷ್ಯ ಸಾವಿರಾರು ಗೋಲಿಗಳ ಸಂತೆಯಲ್ಲಿ ತನ್ನದನ್ನು ಗುರುತು ಹಿಡಿದು, ಇದೇ ನನ್ನದು ಎಂದ ಹಾಗಿತ್ತು. ಇಷ್ಟು ವರ್ಷ ಆಟಿಕೆ ಕೂಡಿಹಾಕಿದ್ದೇನೆ, ಒಂದನ್ನಾದರೂ ಸರಿಯಾಗಿ ನೋಡಿದ್ದೇನೆಯೇ ಎಂದು ಗೋಲಿಯಪ್ಪನಿಗೆ ನಾಚಿಕೆಯಾಯಿತು.

ಶನಿವಾರದ ಹೊತ್ತಿಗೆ ಆರು ಗೂಡು ತುಂಬಿದ್ದವು. ಏಳನೆಯ ತಟ್ಟೆ ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ನಾಲ್ಕು ಸಾವಿರ ಗೋಲಿಗಳಲ್ಲಿ ಒಂದಕ್ಕೂ ಅದು ಮಣಿಯಲಿಲ್ಲ. ತೊಳೆಯುವಾಗ ಒಂದು ಗೋಲಿ ಮೋರಿಗೆ ಹೋಗಿರಬೇಕು ಎಂದುಕೊಂಡ ಗೋಲಿಯಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಆ ತಾಯಿಗೆ ಕೊನೆಯದಾಗಿ ಕೇಳಿಸುವ ಹಾಡಿನ ಬಾಲವನ್ನೇ ತಾನು ಕತ್ತರಿಸಿಬಿಟ್ಟೆ ಎಂದು ತನ್ನನ್ನೇ ಬೈದುಕೊಂಡ.

ಭಾನುವಾರ ಟೈಲರಮ್ಮ ಬಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಅವನು ಏನನ್ನೂ ಮುಚ್ಚಿಡಲಿಲ್ಲ. ಭರಣಿ, ಬಣ್ಣ, ಸುಳ್ಳು, ಎಲ್ಲ ಹೇಳಿದ. "ಆರು ಸಿಕ್ಕಿದ್ವು ಅಮ್ಮಾ. ಏಳನೇದು ನನ್ನ ಕೈಯಿಂದ ಕಳೆದುಹೋಯ್ತು. ತಪ್ಪಾಯ್ತು."

"ಮೊದಲು ಬಿಡು" ಎಂದರು ಅವರು.

ಅವನು ಆರು ಗೋಲಿಗಳನ್ನು ಒಂದರ ಹಿಂದೆ ಒಂದು ಬಿಟ್ಟ. ಟಿಣ್, ಟಿಣ್, ಎಂದು ಆರು ಸ್ವರ ಮೆಲ್ಲಗೆ ಏರಿ, ಇಳಿದು, ಪ್ರಶ್ನೆ ಕೇಳಿದಂತೆ ನಿಂತವು. ಟೈಲರಮ್ಮನ ಮುಖ ಏಳು ವರ್ಷದ ಹುಡುಗಿಯ ಮುಖವಾಯಿತು. ಸಟಕ್ಕನೆ ಕೈಚಾಚಿ, ಕಿರುಬೆರಳಿನಿಂದ ಏಳನೆಯ ತಟ್ಟೆಯನ್ನು ಒತ್ತಿದರು. ಏಳನೆಯ ಸ್ವರ ನುಡಿಯಿತು, ಒಳಗೇನೋ ಕಳಚಿತು, ಆರೂ ಗೋಲಿಗಳು ಗೂಡು ಬಿಟ್ಟು ಒಟ್ಟಿಗೆ ಕಿಲಕಿಲನೆ ಕೆಳಗಿಳಿದವು.

"ಏಳನೇ ಗೋಲಿ ಯಾವತ್ತೂ ಇರಲಿಲ್ಲ ಕಣಪ್ಪಾ," ಎಂದರು. "ಅದು ನನ್ನ ಬೆರಳಿನ ತೂಕಕ್ಕೆ ಮಾಡಿದ್ದು. ಅಪ್ಪ ಸಿಳ್ಳೆ ಹಾಕಿದ್ರೆ ನಾನು 'ಬಂದೆ' ಅಂತ ಕೂಗ್ಬೇಕಿತ್ತಲ್ಲ, ಅದಿದು."

ಗೋಲಿಯಪ್ಪ ಬಗ್ಗಿ ನೋಡಿದ. ತಟ್ಟೆಯ ನಡುವೆ ಸವೆದು ಹೊಳೆಯುವ ಪುಟ್ಟ ಗುಳಿಯಿತ್ತು. ಅದನ್ನು ಅವನು ಮೂರು ವರ್ಷದಿಂದ ನೋಡುತ್ತಿದ್ದ, ಗೋಲಿ ಕೂರುವ ಜಾಗವೆಂದೇ ತಿಳಿದಿದ್ದ. ಮಗುವಿನ ಬೆರಳನ್ನು ತಕ್ಕಡಿಯಲ್ಲಿ ತೂಗಿದ ಆ ತಂದೆಯನ್ನು ನೆನೆದು, ತನ್ನ ಬೆರಳನ್ನು ಆ ಗುಳಿಯ ಹತ್ತಿರ ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದ.

ಟೈಲರಮ್ಮ ಚೀಲದಿಂದ ಹತ್ತಿ ತೆಗೆದು ಎರಡೂ ಕಿವಿಗೆ ಗಟ್ಟಿಯಾಗಿ ತುರುಕಿಕೊಂಡರು. ಎಡ ಅಂಗೈಯನ್ನು ಮರದ ಚೌಕಟ್ಟಿನ ಮೇಲೆ ಊರಿ, ಕಣ್ಣು ಮುಚ್ಚಿ, ಬಿಡು ಎಂದು ತಲೆಯಾಡಿಸಿದರು. ಅವನು ಬಿಟ್ಟ. ಒಂದೊಂದು ಟಿಣ್ ಆದಾಗಲೂ ಆ ಅಂಗೈ ಸಣ್ಣಗೆ ಅದುರಿತು. ಆರನೆಯದು ಆಯಿತು. ಒಂದು ಉಸಿರಿನಷ್ಟೂ ಹೆಚ್ಚು ಕಡಿಮೆಯಿಲ್ಲದೆ, ಸರಿಯಾದ ಹೊತ್ತಿಗೆ, ಕಿರುಬೆರಳು ತಟ್ಟೆಯ ಮೇಲೆ ಇಳಿಯಿತು.

"ಬಂದೆ ಅಪ್ಪಾ!" ಎಂದರು ಟೈಲರಮ್ಮ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೋಲಿಯಪ್ಪ ಎದ್ದು, ಗೋಪುರ ಹಿಡಿಸುವಷ್ಟು ದೊಡ್ಡದೊಂದು ಪೆಟ್ಟಿಗೆ ಹುಡುಕಲು ಹೋದ.