ಮುನಿಆಂಜನಪ್ಪನ ಹೊಸ ಡಿಟೆಕ್ಟರ್

ಹೊಸ ತಿಪ್ಪಸಂದ್ರದ ಮುನಿಆಂಜನಪ್ಪ ಎರಡನೇ ಸಲ ಮೆಟಲ್ ಡಿಟೆಕ್ಟರ್ ಕೊಂಡಾಗ ಅವನಲ್ಲಿ ಖುಷಿಗಿಂತ ಸಿಟ್ಟೇ ಹೆಚ್ಚಿತ್ತು.

ಮೊದಲನೆಯದನ್ನು ಕೊಂಡಿದ್ದು ತೊಂಬತ್ತನೇ ಇಸವಿಯ ಆಸುಪಾಸಿನಲ್ಲಿ, ಶಿವಾಜಿನಗರದ ಗುಜರಿ ಅಂಗಡಿಯ ಅಕ್ತರ್ ಹತ್ತಿರ. ಆಗ ಅವನು ಕಾರ್ಖಾನೆಯಲ್ಲಿ ಫಿಟ್ಟರ್. ಬೇಸಿಗೆಯಲ್ಲಿ ಕೆರೆಗಳು ಬತ್ತಿದರೆ ಸಾಕು, ರಜೆಯ ದಿನ ಮಿಷನ್ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಅದರ ದುಂಡನೆಯ ತಟ್ಟೆಯನ್ನು ನೆಲಕ್ಕೆ ತಾಗಿಯೂ ತಾಗದ ಹಾಗೆ ಆಡಿಸುತ್ತ ನಡೆಯುವುದು, ಕುಂಯ್ ಅಂದ ಕಡೆ ಕೆದಕುವುದು. ಸಿಗುತ್ತಿದ್ದುದು ಸೋಲ್ಜರುಗಳ ಅಂಗಿಯ ಹಿತ್ತಾಳೆ ಗುಂಡಿ, ಎತ್ತಿನ ಲಾಳ, ತೂತಿನ ಕಾಸು. ಅವನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಕಿಟಕಿಯಲ್ಲಿ ಜೋಡಿಸಿ, ಯಾರವಿರಬಹುದೆಂದು ಯೋಚಿಸುತ್ತ ಕೂರುವುದೇ ಅವನ ಸುಖ.

ಒಂದು ದಿನ ಅವನು ಡ್ಯೂಟಿಯಲ್ಲಿದ್ದಾಗ ತಮ್ಮ ಶ್ರೀನಾಥ್ ಹೇಳದೆ ಕೇಳದೆ ಅದನ್ನು ಒಯ್ದು ನಿಧಿಗಳ್ಳರಿಗೆ ಕೊಟ್ಟ. ರಾಮಮೂರ್ತಿ ನಗರದ ಅಂಚಿನಲ್ಲಿ ಮನೆಯವರಿಗೆ ಉಳಿದಿದ್ದ ತುಂಡು ಹೊಲದಲ್ಲಿ ಆ ಜನ ಅಮ್ಮನ ಸಮಾಧಿಯನ್ನೇ ಅಗೆದರು. ಹೂಳುವಾಗ ಅಮ್ಮನ ಕೈಯಲ್ಲಿ ಹಾಗೇ ಬಿಟ್ಟಿದ್ದ ಬೆಳ್ಳಿ ಕಡಗಕ್ಕೆ ಮಿಷನ್ ಕೂಗಿತ್ತಂತೆ. ಸುದ್ದಿ ಕೇಳಿ ಓಡಿದ ಮುನಿಆಂಜನಪ್ಪ ಚೆಲ್ಲಾಡಿದ್ದ ಎಲುಬುಗಳನ್ನು ಟವೆಲ್ಲಿಗೆ ಆರಿಸಿಕೊಂಡು ಮತ್ತೆ ಮಣ್ಣು ಮಾಡಿದ. ಮಿಷನ್ ಮುರಿದು ಬಾವಿಯಲ್ಲಿ ಬಿದ್ದಿತ್ತು.

"ಏನೋ ಆಗೋಯ್ತು ಬಿಡಣ್ಣ. ಹೊಸದು ತಗೊಂಡ್ರಾಯ್ತು" ಅಂದಿದ್ದ ಶ್ರೀನಾಥ್.

ಮುನಿಆಂಜನಪ್ಪ ಅಂದಿನಿಂದ ತಮ್ಮನ ಜೊತೆ ಮಾತೂ ಬಿಟ್ಟ, ಕೆರೆಗಳ ಕಡೆ ಹೋಗುವುದನ್ನೂ ಬಿಟ್ಟ. ಮಿಷನ್ ಅವನದಾದ್ದರಿಂದ ಜನ ಮಾತ್ರ ಅವನನ್ನೇ ನಿಧಿ ಆಂಜನಪ್ಪ ಅಂದರು. ಅವನು ರಿಟೈರಾದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಗಂಗಲಕ್ಷ್ಮಮ್ಮ ರೇಗಿಬಿಟ್ಟಳು.

"ತಪ್ಪು ಮಾಡ್ದೋನು ಮೀಸೆ ತಿರುವ್ಕೊಂಡು ಓಡಾಡ್ತಾನೆ. ನೀವ್ಯಾಕ್ರೀ ಮೂಲೇಲಿ ಕೂತಿದ್ದೀರ? ಹೋಗಿ ಒಂದು ತಗೊಂಡ್ಬನ್ನಿ."

ಅಕ್ತರ್ ಈ ಸಲ ಫಾರಿನ್ ಮಾಲು ತರಿಸಿಕೊಟ್ಟ. ಗಂಡ ಹೆಂಡತಿ ಕೆ.ಆರ್. ಪುರದ ಹತ್ತಿರ ಬತ್ತಿದ್ದ ಒಂದು ಕೆರೆಗೆ ಹೋದರು. ಒಂದು ಸುತ್ತು ನಡೆದಿರಲಿಲ್ಲ, ಏರಿಯ ಮೇಲೆ ಸ್ಕೂಟರ್ ನಿಂತಿತು. ಶ್ರೀನಾಥ್ ನಗುತ್ತ ಇಳಿದು ಬಂದ.

"ಯಾರೋ ಹೇಳಿದ್ರು, ಬಂದ್ಬಿಟ್ಟೆ. ಹೊಸದಾ ಅಣ್ಣ? ಎಷ್ಟು ಆಳಕ್ಕೆ ಹಿಡಿಯುತ್ತೆ?"

ಮುನಿಆಂಜನಪ್ಪನ ಮೈ ಉರಿದುಹೋಯಿತು. "ಯಾಕೋ? ಈ ಸಲ ಅಪ್ಪನ್ನ ಅಗೀತೀಯಾ?"

"ಹಳೇದೆಲ್ಲ ಯಾಕಣ್ಣ ಈಗ..."

"ಹಳೇದಾ? ಅಮ್ಮನ ತಲೆಬುರುಡೆ ಈ ಕೈಯಲ್ಲಿ ಎತ್ತಿಟ್ಟಿದ್ದೀನಿ ಕಣೋ! ಆವತ್ತು ನೀನು ಒಂದು ಹಿಡಿ ಮಣ್ಣು ಹಾಕೋಕೂ ಬರ್ಲಿಲ್ಲ. ಇವತ್ತು ಆಳ ಕೇಳೋಕೆ ಬಂದಿದ್ದೀಯಾ?"

ಶ್ರೀನಾಥನ ನಗು ಇಂಗಿಹೋಯಿತು. ಅತ್ತಿಗೆಯ ಕಡೆ ನೋಡಿದ. ಆಕೆ ಮುಖ ತಿರುಗಿಸಿದಳು. "ತಪ್ಪಾಯ್ತು ಅಂದ್ರೆ ಬಿಡ್ತೀಯಾ?" ಎಂದು ಗೊಣಗಿದ.

"ಅಂದು ನೋಡು ಮೊದ್ಲು."

ಶ್ರೀನಾಥ್ ತಿರುಗಿ ಏರಿ ಹತ್ತಿದ. ಸ್ಕೂಟರ್ ಒದ್ದು ಹೊರಟುಹೋದ.

"ಮನೆಗೆ ಹೋಗೋಣ್ವಾ?" ಅಂದಳು ಗಂಗಲಕ್ಷ್ಮಮ್ಮ.

"ಅವನ ದೆಸೆಯಿಂದ ಇಷ್ಟು ವರ್ಷ ಮನೇಲಿದ್ದೆನಲ್ಲ, ಸಾಲ್ದಾ?"

ಹೆಡ್‌ಫೋನ್ ಕಿವಿಗೇರಿಸಿದ. ಮಿಷನ್ ಕೂಗಿದಲ್ಲಿ ಸಿಟ್ಟನ್ನೆಲ್ಲ ಸೇರಿಸಿ ಗುದ್ದಲಿಯಿಂದ ಕುಕ್ಕಿದ. ಸೋಡಾ ಬಾಟಲಿಯ ಮುಚ್ಚಳ ಸಿಕ್ಕಿತು. ಅದನ್ನು ದೂರ ಎಸೆದು, ಹಲ್ಲು ಕಚ್ಚಿ ಮುಂದಿನ ಹೆಜ್ಜೆ ಇಟ್ಟ.