ಕ್ಲೋವರ್‌ಗೆ ತಾಮ್ರದ ಗುಂಡು

"ಮುಚ್ಕೊಳ್ತಾ ಇಲ್ಲ," ಎಂದ ಹಾರ್ಲನ್. ರಿವಾಲ್ವರಿನ ತೋಟಾ ತುಂಬುವ ಉರುಳೆಯನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದ. ಅದು ಅರ್ಧಕ್ಕೆ ಬಂದು ನಿಂತಿತು.

ಹಿಮದ ಮೇಲೆ ಮಲಗಿದ್ದ ಕ್ಲೋವರ್ ಕಿವಿ ಆಡಿಸಿತು. ಮೂವತ್ತು ದಾಟಿದ ಹೆಣ್ಣುಕುದುರೆ. ಕರುಳು ತಿರುಚಿಕೊಂಡಿದೆ, ಇನ್ನು ಏಳುವುದಿಲ್ಲ ಎಂದು ಪಶುವೈದ್ಯ ಬೆಳಿಗ್ಗೆ ಹೇಳಿದ್ದ. ಸೂಜಿಮದ್ದಿನಿಂದ ಮುಗಿಸಿಬಿಡಲೇ ಎಂದೂ ಕೇಳಿದ್ದ. ಹಾರ್ಲನ್ ಬೇಡವೆಂದ. ಫೆಬ್ರವರಿಯಲ್ಲಿ ಮೊಂಟಾನಾದ ನೆಲ ಗುದ್ದಲಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೂಳದೆ ಬಿಟ್ಟರೆ ಮದ್ದು ಮಾಂಸದಲ್ಲೇ ಉಳಿದು, ತಿನ್ನಲು ಬಂದ ಹದ್ದುಗಳನ್ನೂ ಅಲ್ಲೇ ಮಲಗಿಸುತ್ತದೆ.

ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಪಕ್ಕದ ಜಮೀನಿನ ಮೌಡಿ. ಕಾಯಿಲೆ ಬಿದ್ದ ಹದ್ದುಗಳನ್ನು ಕಂಬಳಿಯಲ್ಲಿ ಸುತ್ತಿ ಹಕ್ಕಿ ಆಸ್ಪತ್ರೆಗೆ ಒಯ್ಯುವುದು ಅವಳ ಚಾಳಿ. ಕಳೆದ ಚಳಿಗಾಲದಲ್ಲಿ ಒಂದು ಅವಳ ಕೈಯಲ್ಲೇ ಸತ್ತಿತು. ಎಕ್ಸ್‌ರೇ ತೆಗೆದರೆ ಹೊಟ್ಟೆಯೊಳಗೆ ಹಿಟ್ಟು ಚೆಲ್ಲಿದಂತೆ, ಗುಂಡೇಟು ತಿಂದ ಪ್ರಾಣಿಯ ಮಾಂಸದ ಜೊತೆ ನುಂಗಿದ ಸೀಸದ ಚೂರುಗಳು. ಅಂದಿನಿಂದ ಅವಳು ಊರಿಗೆಲ್ಲ ತಾಮ್ರದ ಗುಂಡಿನ ಪ್ರವಾದಿ.

"ಎಲ್ಲಿ, ತೋರ್ಸು," ಎಂದು ಕೈ ಚಾಚಿದಳು. ಹಾರ್ಲನ್ ತಾನೇ ತಾಮ್ರದ ಗುಂಡು ಕೂರಿಸಿ ಕಟ್ಟಿದ್ದ ತೋಟಾ ನೋಡಿದವಳೇ ಗೊಳ್ಳೆಂದು ನಗಲು ಹೋಗಿ ಕುದುರೆಯ ಮುಖ ಕಂಡು ತುಟಿ ಕಚ್ಚಿಕೊಂಡಳು. "ಮೂತಿ ಎಷ್ಟುದ್ದ ಬಿಟ್ಟಿದೀಯೋ ಮಾರಾಯ! ಎಷ್ಟು ತೂಕದ್ದು ತಂದೆ?"

"ಸೀಸದ್ದು ಎಷ್ಟೋ ಅಷ್ಟೇ."

"ತಾಮ್ರ ಹಗುರ. ಅಷ್ಟೇ ತೂಕ ಬೇಕು ಅಂದ್ರೆ ಉದ್ದ ಆಗ್ದೆ ಇನ್ನೇನಾಗುತ್ತೆ? ಮನೇಲಿ ಒಂದ್ಸಲ ಹಾಕಿ ನೋಡ್ಬಾರ್ದಾಗಿತ್ತಾ?"

ಹಾರ್ಲನ್ ಅದನ್ನು ವಾಪಸು ಇಸಿದುಕೊಂಡು ಜೇಬಿಗೆ ಹಾಕಿದ. ಹಳೆಯ ಟೈರುಗಳ ತೂಕ ಸರಿದೂಗಿಸಲು ಹಾಕುವ ಸೀಸದ ತುಂಡು ಕರಗಿಸಿ, ಅಚ್ಚಿಗೆ ಹೊಯ್ದು, ತಾನೇ ತೋಟಾ ಕಟ್ಟುತ್ತ ಮುದುಕನಾದವನು. ಹಾಕಿ ನೋಡುವುದು ಕಲಿಯುವವರ ಕೆಲಸ ಎಂದುಕೊಂಡಿದ್ದ.

ಕ್ಲೋವರ್ ನರಳಿತು. ಕಾಲುಗಳು ಹಿಮವನ್ನು ಒದ್ದವು. ಹಾರ್ಲನ್‌ನ ಕೈ ಕೋಟಿನ ಇನ್ನೊಂದು ಜೇಬಿಗೆ ಹೋಯಿತು. ಅಲ್ಲಿ ಅವನ ಸೀಸದವು ಇದ್ದವು.

"ಇದು ನಂಗೊತ್ತಿರೋ ಗುಂಡು, ಮೌಡಿ. ಮೆತ್ತಗಿನದು. ಒಳಗೆ ಹೋಗಿ ಚೂರುಚೂರಾಗಿ ತನ್ನನ್ನೇ ಹಂಚ್ಕೊಳ್ಳುತ್ತೆ. ನಿನ್ನ ತಾಮ್ರ ಲೋಭಿ, ಒಡೀದೆ ಹಾಗೇ ಇರುತ್ತೆ. ಇವಳು ಎರಡನೇ ಏಟು ತಿನ್ನೋದು ನಂಗೆ ಬೇಡ."

"ಆ ಹಂಚಿಕೇನೇ ಕೊನೆಗೆ ಹದ್ದಿನ ಹೊಟ್ಟೆ ಸೇರೋದು." ಮೌಡಿ ತನ್ನ ಜೇಬಿನಿಂದ ಒಂದು ತೋಟಾ ತೆಗೆದು ಅವನ ಅಂಗೈಯಲ್ಲಿಟ್ಟಳು. ಕಾರ್ಖಾನೆಯದು, ಗಿಡ್ಡ, ಕೆಂಪು ಮೂತಿ. "ನಂದೂ ನಿನ್ನ ಅಳತೇದೇ ರಿವಾಲ್ವರ್. ಹೋದ ವರ್ಷ ನಮ್ಮ ಹೋರಿಗೆ ಒಂದೇ ಸಾಕಾಯ್ತು. ಹೀಗೇ ತಲೆ ಹಿಡ್ಕೊಂಡು ನಾನೇ ಕೂತಿದ್ದೆ."

"ಆಣೆಗೂ?"

"ಚರ್ಚಿನ ಮೆಟ್ಟಿಲು ಹತ್ತದೋಳ ಆಣೆ ತಗೊಂಡು ಏನ್ಮಾಡ್ತೀಯ? ನಂಬೋದಾದ್ರೆ ನಂಬು."

ಉರುಳೆ ಈ ಬಾರಿ ಟಿಕ್ ಎಂದು ಕೂತುಕೊಂಡಿತು. ಕುದುರೆಯ ತಲೆಯನ್ನು ಹಿಮದ ಮೇಲಿಳಿಸಿ ಮೌಡಿ ಅವನ ಬೆನ್ನ ಹಿಂದೆ ಸರಿದು ನಿಂತಳು.

ಹಾರ್ಲನ್ ಮಂಡಿಯೂರಿದ. ಒಮ್ಮೆ ಕಣಿವೆಯ ಮೇಲಿನ ಗುಡ್ಡದಲ್ಲಿ ಕಾಲು ಮುರಿದುಕೊಂಡು ಜೀನಿಗೆ ಜೋತುಬಿದ್ದಿದ್ದಾಗ ಇದೇ ಕುದುರೆ ಅವನನ್ನು ಮನೆ ಮುಟ್ಟಿಸಿತ್ತು. ಅವನು ಜಾರಿದಾಗಲೆಲ್ಲ ನಿಂತು, ಹಿಡಿತ ಸಿಕ್ಕಿತೆಂದು ತಿಳಿದ ಮೇಲೆಯೇ ಹೆಜ್ಜೆಯಿಟ್ಟು. ಪ್ರತಿಯಾಗಿ ಅವನು ಕೊಟ್ಟದ್ದು ಒಂದು ಬಕೆಟ್ ಹೆಚ್ಚಿನ ಓಟ್ಸ್. ಕಿವಿಯ ಬಳಿ ಬಾಗಿದ. "ಆವತ್ತಿಂದು ಮರ್ತಿಲ್ಲ ಕಣೆ," ಎಂದ. "ಒಂದಿನಾನೂ ಮರ್ತಿಲ್ಲ."

ಸದ್ದು ಗುಡ್ಡಕ್ಕೆ ಬಡಿದು ವಾಪಸು ಬಂತು. ಕ್ಲೋವರ್‌ನ ಕಾಲುಗಳು ಒಮ್ಮೆ ಬಿಗಿದು ಸಡಿಲಗೊಂಡವು. ಮೌಡಿ ಬಂದು ತೆರೆದಿದ್ದ ಕಣ್ಣನ್ನು ಬೆರಳ ತುದಿಯಿಂದ ಮುಟ್ಟಿದಳು. ರೆಪ್ಪೆ ಅಲುಗಲಿಲ್ಲ.

"ಗೊತ್ತೇ ಆಗ್ಲಿಲ್ಲ ಅದಕ್ಕೆ," ಎಂದಳು.

ಹಾರ್ಲನ್ ರಿವಾಲ್ವರನ್ನು ಕೋಟಿನೊಳಗೆ ಸೇರಿಸಿದ. ಆಮೇಲೆ ಹಿಮದ ಕಡೆಗೆ ಮುಖ ಮಾಡಿಕೊಂಡೇ, "ದೊಡ್ಡ ಉಪಕಾರ ಆಯ್ತು, ಮೌಡಿ," ಎಂದ.

"ಏನಂದೆ? ಕಿವಿ ಗುಂಯ್ ಅಂತಿದೆ."

"ಏನಿಲ್ಲ."

"ಕೇಳಿಸ್ತು ಬಿಡು. ಇಷ್ಟು ವರ್ಷಕ್ಕೆ ಒಂದು ಉಪಕಾರದ ಮಾತು. ಎರಡನೇ ಸಲ ಹೇಳಿಸ್ಕೊಳ್ಳೋಣ ಅಂತಿದ್ದೆ." ಕಣ್ಣೊರೆಸಿಕೊಂಡು, ಅವನ ಕಂಕುಳಿಗೆ ಕೈ ಹಾಕಿ ಮೇಲೆಬ್ಬಿಸಿದಳು.

ಮರುದಿನ ಬೆಳಿಗ್ಗೆ ಅವಳು ಹೇಗಿದ್ದಾನೋ ನೋಡೋಣವೆಂದು ಬಂದಾಗ ಹಾರ್ಲನ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಬಯಲಿನಾಚೆ, ಕ್ಲೋವರ್ ಬಿದ್ದಿದ್ದಲ್ಲಿ ಎರಡು ಹದ್ದುಗಳು ಇಳಿದಿದ್ದವು. ಒಂದು ತಿನ್ನುತ್ತಿತ್ತು, ಇನ್ನೊಂದು ತನ್ನ ಸರದಿಗೆ ಕಾಯುತ್ತ ಹಿಮದ ಮೇಲೆ ಅತ್ತಿತ್ತ ನಡೆಯುತ್ತಿತ್ತು. ದನಗಳಿಗೆ ಮೇವಿನ ಹೊತ್ತಾಗಿತ್ತು. ಹಾರ್ಲನ್ ಟ್ರ್ಯಾಕ್ಟರಿನ ಹತ್ತಿರ ಹೋದ, ಹದ್ದುಗಳ ಕಡೆ ಒಮ್ಮೆ ನೋಡಿ ಬೀಗದ ಕೈಯನ್ನು ತಿರುಗಿಸದೆ ಹೊರಗೆಳೆದು ಜೇಬಿಗೆ ಹಾಕಿಕೊಂಡ. ಹುಲ್ಲಿನ ಹೊರೆಯೊಂದನ್ನು ಹಿಮದಲ್ಲಿ ಎಳೆಯುವ ಹಳೆಯ ಜಾರುಬಂಡಿಯ ಮೇಲೆ ಉರುಳಿಸಿ, ಹಗ್ಗವನ್ನು ಹೆಗಲಿಗೆ ಹಾಕಿ ಎಳೆಯತೊಡಗಿದ. ಮೌಡಿ ಹಿಂದಿನಿಂದ ನೂಕಿದಳು. ಇಬ್ಬರೂ ಸದ್ದಿಲ್ಲದೆ, ಕೊಟ್ಟಿಗೆಯ ಹಿಂದಿನ ಬಳಸು ದಾರಿ ಹಿಡಿದು ದನಗಳ ಕಡೆಗೆ ಹೋದರು.