ಸೊಸೆಯ ಇಂಟರ್‌ವ್ಯೂ

ಸರ್ವಮಂಗಳ ಸೊಸೆಯಾಗಿ ಹೊನ್ನವಳ್ಳಿಗೆ ಬಂದ ಮೇಲೆ ಅವಳ ಬಿ.ಎಸ್ಸಿ. ಫಲಿತಾಂಶ ಬಂತು. ಫಸ್ಟ್ ಕ್ಲಾಸು. ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡುವ ಆಸೆಯನ್ನು ಗಂಡ ತೋಂಟದಾರ್ಯನಿಗೆ ಹೇಳಿಕೊಂಡಳು. ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿದ್ದ ಅವನು ಹೆಂಡತಿಗೆ ಇಲ್ಲವೆನ್ನುವವನಲ್ಲ, ಅವ್ವನ ಮುಂದೆ ಬಾಯಿ ಬಿಡುವವನೂ ಅಲ್ಲ.

"ನೀನೇ ಕೇಳು. ನಿನ್ನ ಕಂಡ್ರೆ ಅವ್ವ ಸ್ವಲ್ಪ ಮೆದು," ಅಂದ.

ಆ ಮೆದುವಿನ ಸುಳಿವು ಸರ್ವಮಂಗಳಳಿಗೆ ಅದುವರೆಗೂ ಸಿಕ್ಕಿರಲಿಲ್ಲ. ಅತ್ತೆ ಸಿದ್ದಗಂಗಮ್ಮ ಗಂಡ ತೀರಿಕೊಂಡ ಮೇಲೆ ತೆಂಗಿನ ತೋಟ ಒಬ್ಬಳೇ ನಡೆಸಿದವಳು. ಕಾಯಿ ಕೀಳಲು ಬಂದವರು ಅವಳ ಕೆಮ್ಮು ಕೇಳಿದರೆ ಬೀಡಿ ಆರಿಸುತ್ತಿದ್ದರು. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ಸರ್ವಮಂಗಳ ಬೆನ್ನ ಹಿಂದೆ ನಿಂತು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ಓದಿ ಏನ್ ಮಾಡ್ತೀಯ?" ಸಿದ್ದಗಂಗಮ್ಮ ಕರೆಯುವುದನ್ನು ನಿಲ್ಲಿಸದೆ ಕೇಳಿದಳು.

"ಕಾಲೇಜಲ್ಲಿ ಪಾಠ ಮಾಡ್ಬೋದು ಅತ್ತೆ. ಅದಲ್ದೆ... ನಂಗದು ಇಷ್ಟ."

"ಇಷ್ಟ ಅಂತ ಮೊದ್ಲೇ ಹೇಳಕ್ಕೇನಾಗಿತ್ತೇ? ಹಾಕು ಅರ್ಜಿ."

ಸೀಟು ಸಿಕ್ಕಿತು. ಆದರೆ ಆ ವರ್ಷ ಬಾವಿ ಆಳ ಮಾಡಿಸಿ ಮನೆಯಲ್ಲಿ ಕೈ ಖಾಲಿಯಾಗಿತ್ತು. ವಿಜ್ಞಾನ ಓದುವವರಿಗೆ ತುಮಕೂರಿನ ಒಂದು ಟ್ರಸ್ಟು ವಿದ್ಯಾರ್ಥಿವೇತನ ಕೊಡುತ್ತದೆಂದು ಕಾಲೇಜಿನ ಮೇಷ್ಟರು ಪರಮಶಿವಯ್ಯ ತಿಳಿಸಿದರು. ಇಂಟರ್‌ವ್ಯೂಗೆ ಕರೆದಿದ್ದ ದಿನ ತೋಂಟದಾರ್ಯನಿಗೆ ರಜೆ ಸಿಗಲಿಲ್ಲ. ಸಿದ್ದಗಂಗಮ್ಮ ಮದುವೆ ಮನೆಗೆ ಉಡುವ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ ತಾನೇ ಜೊತೆಗೆ ಹೊರಟಳು.

ಪಾಠದ ಪ್ರಶ್ನೆಗಳಿಗೆಲ್ಲ ಸರ್ವಮಂಗಳ ಚೆನ್ನಾಗಿಯೇ ಉತ್ತರ ಕೊಟ್ಟಳು. ಕೊನೆಗೆ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು:

"ನಿಮಗೆ ಮದುವೆಯಾಗಿದೆ. ನಾಳೆ ಒಂದು ಮಗು ಆದ್ರೆ ಓದು ಅರ್ಧಕ್ಕೆ ನಿಲ್ಲುತ್ತೆ. ನಮ್ಮ ದುಡ್ಡು ದಂಡ ಆಗಲ್ವೇನಮ್ಮ?"

ಸರ್ವಮಂಗಳ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಸಿದ್ದಗಂಗಮ್ಮ ಬಾಗಿಲು ತಳ್ಳಿಕೊಂಡು ಒಳಗೇ ಬಂದಳು.

"ಸ್ವಾಮಿ, ಮಗು ಆದ್ರೆ ಸಾಕೋಳು ನಾನು. ನಾನಿರೋವಾಗ ಇವಳ ಓದು ಯಾಕೆ ನಿಲ್ತದೆ?"

"ತಾವು ಯಾರಮ್ಮ?"

"ಇವಳ ಅತ್ತೆ."

"ಅತ್ತೆ ಸೊಸೇನ ಓದಿಸ್ತೀರಾ?"

"ಯಾಕೆ, ಓದಿಸಬಾರ್ದು ಅಂತ ನಿಮ್ಮ ಟ್ರಸ್ಟಲ್ಲಿ ರೂಲ್ಸ್ ಐತಾ?"

ಮೇಜಿನಾಚೆಯವರೆಲ್ಲ ನಕ್ಕುಬಿಟ್ಟರು. ಪ್ರಶ್ನೆ ಕೇಳಿದ ಹಿರಿಯರೂ ನಕ್ಕರು. ಒಂದು ವರ್ಷಕ್ಕೆ ಕೊಡುತ್ತೇವೆ, ಎರಡನೆಯದಕ್ಕೆ ಮಾರ್ಕ್ಸ್ ನೋಡಿ ಹೇಳುತ್ತೇವೆ ಅಂದರು.

ತಿಪಟೂರಿನ ಬಸ್ಸು ಗುಬ್ಬಿ ದಾಟಿದ ಮೇಲೆ ಸರ್ವಮಂಗಳ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಅಷ್ಟು ಜನರ ಮುಂದೆ ನಿಮಗೆ ಭಯ ಆಗ್ಲಿಲ್ವಾ?"

"ಆಗ್ದೆ ಏನೇ? ನೋಡಿಲ್ಲಿ, ಇನ್ನೂ ನಡುಗ್ತೈತೆ." ಸಿದ್ದಗಂಗಮ್ಮ ಕೈ ಚಾಚಿದಳು. ಸರ್ವಮಂಗಳ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಳು. ಊರು ಬರುವವರೆಗೂ ಅತ್ತೆ ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮೈಸೂರಿಗೆ ಬಿಡಲು ಗಂಡ, ಅತ್ತೆ ಇಬ್ಬರೂ ಹೋದರು. ಸಿದ್ದಗಂಗಮ್ಮ ಹಾಸ್ಟೆಲ್ ರೂಮಿನ ಚಿಲಕ ಹಾಕಿ ತೆಗೆದು ನೋಡಿದಳು, ಕಿಟಕಿ ಅಲ್ಲಾಡಿಸಿದಳು. ಊಟದ ಮನೆಗೆ ಹೋಗಿ ಸಾರಿಗೆ ಉಪ್ಪು ಸಾಲದೆಂದು ಅಡುಗೆಯವನಿಗೇ ಹೇಳಿ ಬಂದಳು. ತೋಂಟದಾರ್ಯ ನಾಚಿಕೆಯಿಂದ ಗೇಟಿನ ಹತ್ತಿರ ಹೋಗಿ ನಿಂತ.

"ರಜಕ್ಕೆ ಬರೋಕ್ ಮುಂಚೆ ಕಾಗ್ದ ಹಾಕು. ತೋಂಟ ಬಸ್‌ಸ್ಟ್ಯಾಂಡಿಗೆ ಬತ್ತಾನೆ," ಎಂದು ಹೊರಟ ಸಿದ್ದಗಂಗಮ್ಮ ಮೆಟ್ಟಿಲಿಳಿದವಳು ನಿಂತಳು.

"ನಾನೂ ಬತ್ತೀನಿ."